ಕೊಯ್ಯೋದು, ಬಡಿಯೋದು, ಕೊರೆಯೋದು

ಒಂದನೇ ಕ್ಲಾಸಿನ ಟೀಚರಿಗೆ ಮಕ್ಕಳಿಟ್ಟ ಹೆಸರು ಬಣ್ಣದ ಟೀಚರ್. ಅವಳ ಬೆರಳಿಗೆ ಸದಾ ಬಣ್ಣದ ಸೀಮೆಸುಣ್ಣವೋ ಸ್ಕೆಚ್ ಪೆನ್ನಿನ ಮಸಿಯೋ ಅಂಟಿಕೊಂಡಿರುತ್ತಿತ್ತು. ಹದಿನಾರು ವರ್ಷ ಪಾಠ ಮಾಡಿದ ಮೇಲೆ ಅವಳಿಗೆ ಒಂದು ವಿಷಯ ಗಟ್ಟಿಯಾಗಿತ್ತು. ಆರು ವರ್ಷದ ಮಗುವಿಗೆ ‘ನಾಮಪದ ಎಂದರೇನು?’ ಎಂಬುದನ್ನು ಬಾಯಿಪಾಠ ಮಾಡಿಸುವುದೆಂದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಆದ್ದರಿಂದ ಬೆಳಗಿನ ಮೊದಲ ಗಂಟೆಗೆ ಅವಳು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ತಾನು ಗಿಡ್ಡ ಸ್ಟೂಲಿನ ಮೇಲೆ ಕೂತು, ಅಕ್ಷರವೇ ಇಲ್ಲದ ಚಿತ್ರಪುಸ್ತಕವೊಂದನ್ನು ತೆರೆಯುತ್ತಿದ್ದಳು. ಒಂದೊಂದು ಪುಟಕ್ಕೂ ಮೂರು ಸುತ್ತು. ಮೊದಲನೆಯದು ಹೆಸರಿನ ಸುತ್ತು, ಕಂಡದ್ದಕ್ಕೆಲ್ಲ ಹೆಸರು ಹೇಳಬೇಕು. ಎರಡನೆಯದು ಕೆಲಸದ ಸುತ್ತು, ಯಾರು ಏನು ಮಾಡುತ್ತಿದ್ದಾರೆಂದು ಹೇಳಿ, ಎದ್ದು ಮಾಡಿಯೂ ತೋರಿಸಬೇಕು. ಮೂರನೆಯದು ‘ಹೇಗಿದೆ’ ಸುತ್ತು. ಒದ್ದೆಯೋ, ಒರಟೋ, ಕೊಬ್ಬಿದ್ದೋ, ಸೊರಗಿದ್ದೋ? ವರ್ಷದ ಕೊನೆಯಲ್ಲಿ, ‘ಈ ಮೂರಕ್ಕೂ ದೊಡ್ಡವರು ನಾಮಪದ, ಕ್ರಿಯಾಪದ, ಗುಣವಾಚಕ ಅಂತಾರೆ’ ಎಂದು ಅವಳು ಗುಟ್ಟು ಬಿಟ್ಟುಕೊಟ್ಟಾಗ ಮಕ್ಕಳು ‘ಓ, ಅಷ್ಟೇನಾ?’ ಎನ್ನುತ್ತಿದ್ದರು. ಆ ‘ಅಷ್ಟೇನಾ’ ಕೇಳುವುದಕ್ಕೇ ಅವಳು ವರ್ಷವಿಡೀ ದುಡಿಯುತ್ತಿದ್ದಳೆಂದರೂ ಸರಿ.

ಆ ವರ್ಷ ಕ್ಲಾಸಿಗೆ ಸೇರಿದ ಹುಡುಗಿಯೊಬ್ಬಳನ್ನು ಮನೆಯಲ್ಲಿ ಚಿನಕುರಳಿ ಎಂದು ಕರೆಯುತ್ತಿದ್ದರು. ಶಾಲೆಯಲ್ಲೂ ಅದೇ ನಿಂತಿತು. ಅವಳು ಬಾಯಿ ಮುಚ್ಚಿಕೊಂಡಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಅಷ್ಟೆಲ್ಲ ಮಾತಿನಲ್ಲಿ ಒಂದು ವಸ್ತುವಿನ ಹೆಸರೂ ಇರುತ್ತಿರಲಿಲ್ಲ.

“ಮಿಸ್, ಅದು ಅದರ ಕೆಳಗೆ ಉರುಳಿಹೋಗಿದೆ. ಇದ್ರಿಂದ ಎಳೀಲಾ?”

ಪೆನ್ಸಿಲು ಬೀರುವಿನ ಕೆಳಗೆ ಉರುಳಿದೆ, ಅಡಿಪಟ್ಟಿಯಿಂದ ಎಳೆಯಬೇಕಂತೆ ಎಂದು ಟೀಚರಿಗೆ ಅರ್ಥವಾಗಲು ಬಗ್ಗಿ ನೋಡಬೇಕಾಯಿತು. ಉಳಿದ ಮಕ್ಕಳು ಚಿನಕುರಳಿಯ ಹಿಂದೆ ಬಿದ್ದು ‘ಅದೂ ಇದೂ, ಇದೂ ಅದೂ’ ಎಂದು ರಾಗ ತೆಗೆದರೆ ಅವಳೂ ಜೊತೆಗೆ ರಾಗ ತೆಗೆಯುತ್ತಿದ್ದಳು. ಬೇಸರ ಎಂಬುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ತಲೆಕೆಡಿಸಿಕೊಂಡವರು ದೊಡ್ಡ ಟೀಚರ್, ಅಂದರೆ ಶಾಲೆಯ ಮುಖ್ಯಸ್ಥೆ. ಒಂದು ದಿನ ಅವರು ಚಿನಕುರಳಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು ಹತ್ತು ಚಿತ್ರದ ಕಾರ್ಡುಗಳನ್ನು ತೋರಿಸಿದರು. ನಾಯಿ, ಹಸು, ಕಣ್ಣು ಬಿಟ್ಟರೆ ಉಳಿದ ಏಳಕ್ಕೂ ಬಂದ ಉತ್ತರ ‘ಅದು’.

“ಈ ಮಗು ವಾಪಸ್ ಶಿಶುವಿಹಾರಕ್ಕೆ ಹೋಗಿ ಇನ್ನೊಂದು ವರ್ಷ ಕೂರಲಿ,” ಎಂದರು ದೊಡ್ಡ ಟೀಚರ್. “ಬೀಗದಕೈ ಅನ್ನೋಕೆ ಬರಲ್ಲ, ಏಣಿ ಅನ್ನೋಕೆ ಬರಲ್ಲ. ಇಲ್ಲಿ ಕೂತು ಏನು ಮಾಡುತ್ತೆ?”

“ಒಂದು ತಿಂಗಳು ಕೊಡಿ ಮೇಡಂ,” ಎಂದಳು ಬಣ್ಣದ ಟೀಚರ್.

“ಒಂದು ತಿಂಗಳಲ್ಲಿ ಏನು ಪವಾಡ ಮಾಡ್ತೀಯಮ್ಮ?”

“ಪವಾಡ ಏನೂ ಬೇಡ. ಏನು ಗೊತ್ತಿಲ್ಲ ಅಂತ ನೀವು ನೋಡಿದ್ರಿ. ಏನು ಗೊತ್ತಿದೆ ಅಂತ ನಾನು ನೋಡ್ತೀನಿ.”

ದೊಡ್ಡ ಟೀಚರ್ ಕೋಪಿಸಿಕೊಳ್ಳಲಿಲ್ಲ. ತಿಂಗಳ ಕೊನೆಯ ತಾರೀಕಿಗೆ ಕ್ಯಾಲೆಂಡರಿನಲ್ಲಿ ಗುಂಡಗೆ ಗೆರೆ ಎಳೆದರು.

ಮರುದಿನ ಚಾಪೆಯ ಮೇಲೆ ತೆರೆದದ್ದು ಒಂದು ಅಡುಗೆಮನೆಯ ಚಿತ್ರ. ಹೆಸರಿನ ಸುತ್ತಿನಲ್ಲಿ ಮಕ್ಕಳು ಬೆಕ್ಕು, ಹಾಲು, ಕಿಟಕಿ, ಪಾತ್ರೆ ಎಂದು ಕೂಗಿದರು. ಚಿನಕುರಳಿ ‘ಅದು’ ಎಂದಳು. ಟೀಚರ್ ಪ್ರಶ್ನೆಯನ್ನು ತಿರುಗಿಸಿ, “ಕಿಟಕಿ ಎಲ್ಲಿದೆ ತೋರಿಸು,” ಎಂದಳು. ಬೆರಳು ನೇರವಾಗಿ ಕಿಟಕಿಗೆ ಹೋಯಿತು. “ಮುಚ್ಚಳ?” ಮುಚ್ಚಳಕ್ಕೇ ಹೋಯಿತು. ಹೆಸರು ಕಿವಿಗೆ ಗೊತ್ತಿದೆ, ಬಾಯಿಗೆ ಬರುತ್ತಿಲ್ಲ. ಟೀಚರಿಗೆ ಅರ್ಧ ಸಮಾಧಾನವಾಯಿತು.

ಕೆಲಸದ ಸುತ್ತು ಬಂತು. ಬೆಕ್ಕು ಏನು ಮಾಡುತ್ತಿದೆ? “ಬರ್ತಿದೆ,” ಎಂದರು ಎಲ್ಲರೂ ಒಂದೇ ಉಸಿರಿಗೆ.

“ಬರ್ತಿಲ್ಲ, ನುಸುಳ್ತಿದೆ!” ಚಿನಕುರಳಿ ಎದ್ದು ನಿಂತಳು. “ಬೆನ್ನು ಬಗ್ಗಿಸಿ, ಹೊಟ್ಟೆ ಒಳಗೆ ಎಳ್ಕೊಂಡು, ಮೈ ಸವರ್ಕೊಂಡು ನುಸುಳ್ತಿದೆ. ಆಮೇಲೆ ಹಾರುತ್ತೆ. ಆಗ ಅದು ವಾಲುತ್ತೆ, ಜಾರುತ್ತೆ, ಮಗುಚುತ್ತೆ, ಎಲ್ಲಾ ಸೋರುತ್ತೆ!” ಹೇಳುತ್ತಲೇ ಚಾಪೆಯ ಮೇಲೆ ನುಸುಳಿ, ವಾಲಿ, ಪಕ್ಕದವಳ ಮೇಲೆ ಮಗುಚಿಕೊಂಡಳು.

ಟೀಚರ್ ಪುಸ್ತಕ ಮುಚ್ಚಿ ಅವಳನ್ನೇ ನೋಡಿದಳು. ಹೊಟ್ಟೆ, ಬೆನ್ನು ಎಂದು ಮೈಯ ಹೆಸರುಗಳನ್ನೂ ಸರಾಗವಾಗಿ ಹೇಳಿದ್ದಳು ಹುಡುಗಿ. ನುಸುಳು, ವಾಲು, ಮಗುಚು! ಮೂರನೇ ಕ್ಲಾಸಿನ ಮಕ್ಕಳ ಬಾಯಲ್ಲೂ ಇಂಥ ಕ್ರಿಯಾಪದಗಳನ್ನು ಅವಳು ಕೇಳಿರಲಿಲ್ಲ. ಇಷ್ಟು ಕೆಲಸಗಳನ್ನು ಕಲಿಸಿ ವಸ್ತುಗಳ ಹೆಸರನ್ನು ಮಾತ್ರ ಕಲಿಸದ ಮನೆ ಎಂಥದ್ದು? ಸಂಜೆ ಶಾಲೆ ಬಿಟ್ಟ ಮೇಲೆ ಅವಳು ಚಿನಕುರಳಿಯ ಕೈಹಿಡಿದುಕೊಂಡು ಮನೆಗೇ ಹೊರಟಳು.

ಮನೆ ಎರಡು ಕೋಣೆಯದು. ರಸ್ತೆಗೆ ತೆರೆದ ಮುಂದಿನ ಕೋಣೆ ಬಡಗಿಯ ಕಾರ್ಖಾನೆ. ಒಂದು ಗೋಡೆಯ ತುಂಬ ಮೊಳೆಗಳಿಗೆ ತೂಗುಹಾಕಿದ ಉಪಕರಣಗಳು, ಕಡಿಮೆಯೆಂದರೂ ನಲವತ್ತು. ನೆಲದ ಮೇಲೆ ಮರದ ಹುಡಿ. ಉದ್ದನೆಯ ಕೆಲಸದ ಮೇಜಿಗೆ ಬಗ್ಗಿ ಸ್ಟೂಲಿನ ಕಾಲೊಂದನ್ನು ಹೊಂದಿಸುತ್ತಿದ್ದ ಮುದುಕ ತಲೆಯೆತ್ತಿ ನಕ್ಕ. ಚಿನಕುರಳಿಯ ತಾತ, ಅವಳ ತಾಯಿಯ ಅಪ್ಪ.

“ಬಂದ್ಯಾ? ಅದನ್ನ ತಾ ಮಗಾ. ಇದು ಬಿಗಿಯಾಗಿ ಕೂತಿದೆ. ಸ್ವಲ್ಪ ಕೆರೆಯಬೇಕು.”

ಹುಡುಗಿ ಚೀಲ ಎಸೆದು ಗೋಡೆಯತ್ತ ಓಡಿ, ನಲವತ್ತರಲ್ಲಿ ಒಂದು ಅರವನ್ನು ತಂದುಕೊಟ್ಟಳು. ತಾತ ಎರಡು ಸಲ ಕೆರೆದು, “ಈಗ ಅದು,” ಎಂದ. ಅವಳು ಸುತ್ತಿಗೆ ಕೊಟ್ಟಳು. “ಇದಲ್ಲ, ಅದು,” ಎಂದ. ಚಿಕ್ಕ ಸುತ್ತಿಗೆ ಕೊಟ್ಟಳು. ಸ್ಟೂಲಿನ ಕಾಲು ಟಕ್ಕನೆ ಕೂತಿತು. ಬಾಗಿಲಲ್ಲಿ ನಿಂತಿದ್ದ ಟೀಚರಿಗೆ ಎಲ್ಲವೂ ಅರ್ಥವಾಯಿತು.

ಅಷ್ಟರಲ್ಲಿ ಹುಡುಗಿಯ ತಾಯಿ ಕೆಲಸದಿಂದ ಬಂದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಉಸ್ತುವಾರಿ ಅವಳದು. ಟೀಚರನ್ನು ಕಂಡು ಗಾಬರಿಯಾಗಿ, “ಏನಾದ್ರೂ ತಪ್ಪು ಮಾಡಿದ್ಲಾ ಟೀಚರ್?” ಎಂದಳು.

“ಏನಿಲ್ಲ. ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ.”

ತಾಯಿ ದನಿ ತಗ್ಗಿಸಿದಳು. “ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯ್ತು. ಕೈಕಾಲು ಮೂರೇ ತಿಂಗಳಲ್ಲಿ ಸರಿಹೋಯ್ತು. ಹೆಸರುಗಳು ಮಾತ್ರ ವಾಪಸ್ ಬರ್ಲಿಲ್ಲ. ವಸ್ತು ಗೊತ್ತು, ಅದ್ರಲ್ಲಿ ಏನು ಮಾಡ್ಬೇಕು ಅಂತ ಗೊತ್ತು. ಹೆಸರು ನಾಲಿಗೆ ತುದೀಲೇ ನಿಂತುಬಿಡುತ್ತೆ. ನನ್ನನ್ನೂ ಅಷ್ಟೆ, ‘ಇವಳೇ’ ಅಂತ ಕರೀತಾರೆ. ಕೆಲವರಿಗೆ ಹೀಗಾಗುತ್ತಂತೆ, ಡಾಕ್ಟ್ರು ಹೇಳಿದ್ರು. ದಿನಾ ಮಾತಾಡಿಸ್ತಿರಿ ಅಂದ್ರು. ನಾನು ದಿನಪೂರ್ತಿ ಲಾಂಡ್ರೀಲಿ. ಇನ್ನು ಮಾತಿಗೆ ಜೊತೆ ಅಂದ್ರೆ ಈ ಮಗು ಒಂದೇ ಅಲ್ವಾ?” ಮಗಳು ಎಸೆದಿದ್ದ ಚೀಲವನ್ನು ಎತ್ತಿಟ್ಟು ಕೇಳಿದಳು, “ಶಿಶುವಿಹಾರಕ್ಕೆ ವಾಪಸ್ ಕಳಿಸ್ತಾರಂತೆ. ನಾವೇ ಮಗು ಮಾತನ್ನ ಕೆಡಿಸಿಬಿಟ್ವಾ ಟೀಚರ್?”

“ಕೆಡಿಸೋದಾ? ನಿಮ್ಮಪ್ಪ ಇವಳಿಗೆ ಅರ್ಧ ವ್ಯಾಕರಣ ಕಲಿಸಿಬಿಟ್ಟಿದಾರೆ ಕಣಮ್ಮ. ಇನ್ನರ್ಧ ನನಗೆ ಬಿಡಿ.”

ಆ ಮಾತನ್ನು ಅವಳು ಸಮಾಧಾನಕ್ಕೆಂದು ಹೇಳಿರಲಿಲ್ಲ. ಏನು ಮಾಡಬೇಕೆಂದು ಆಗಲೇ ತೀರ್ಮಾನಿಸಿದ್ದಳು. ಮರುದಿನ ಸಂಜೆ ದಪ್ಪ ಹಾಳೆಗಳ ಕಟ್ಟು, ಪೆನ್ಸಿಲು, ಬಣ್ಣ ಹಿಡಿದುಕೊಂಡು ಬಂದು ಕೆಲಸದ ಮೇಜಿನ ಮೂಲೆಯಲ್ಲಿ ಕೂತಳು.

“ತಾತ, ನಿಮ್ಮ ಕಾರ್ಖಾನೇದು ಒಂದು ಚಿತ್ರಪುಸ್ತಕ ಮಾಡ್ತೀನಿ. ಮಕ್ಕಳಿಗೆ. ನಾನು ಬರೀತೀನಿ, ನೀವು ನೋಡಿ ಹೇಳ್ಬೇಕು.”

ಮೊದಲು ಗರಗಸ ಬರೆದಳು. ತಾತ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ, ತಲೆಯಾಡಿಸಿದ. “ಇದು ಕೊಯ್ಯಲ್ಲ.”

“ಯಾಕೆ ತಾತ?”

“ಹಲ್ಲು ಹಿಂದಕ್ಕೆ ವಾಲಿವೆ. ತಳ್ಳಿದ್ರೆ ಜಾರುತ್ತೆ.” ಪೆನ್ಸಿಲು ಕಿತ್ತುಕೊಂಡು ಎರಡು ಹಲ್ಲು ತಿದ್ದಿ ತೋರಿಸಿದ. ಟೀಚರ್ ಅಳಿಸಿ ಹೊಸದಾಗಿ ಬರೆದಳು. “ಈಗ ಕೊಯ್ಯುತ್ತೆ,” ಎಂದು ತಾತ ಒಪ್ಪಿದ.

“ಹಾಗಾದ್ರೆ ಇದಕ್ಕೆ ಏನಂತೀರಿ?”

ತಾತನ ತುಟಿ ಅಲುಗಿತು. ಹಣೆ ಗಂಟಾಯಿತು. ಗೋಡೆಯ ಕಡೆ ನೋಡಿದ, ಕೈ ನೋಡಿಕೊಂಡ. ಮೊಮ್ಮಗಳು ಎದುರಿಗಿಲ್ಲದಿದ್ದರೆ ಎದ್ದು ಹೋಗಿಬಿಡುತ್ತಿದ್ದನೇನೋ. ಕೊನೆಗೆ ಮೆಲ್ಲಗೆ, “ಕೊಯ್ಯೋದು,” ಎಂದ.

“ಸರಿ!” ಟೀಚರ್ ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ‘ಕೊಯ್ಯೋದು’ ಎಂದು ಬರೆದೇಬಿಟ್ಟಳು. ತಾತ ಅವಳ ಮುಖವನ್ನೇ ನೋಡಿದ. ಎರಡು ವರ್ಷದಿಂದ ಅವನು ಹೇಳಿದ್ದನ್ನು ಯಾರೂ ಸರಿ ಅಂದಿರಲಿಲ್ಲ, ‘ಅದಲ್ಲಪ್ಪ, ಅದರ ಹೆಸರು ಹೇಳಿ’ ಎನ್ನುತ್ತಿದ್ದವರೇ ಎಲ್ಲರೂ. ಆಮೇಲೆ ಸುತ್ತಿಗೆಗೆ ಬಡಿಯೋದು, ಬೈರಿಗೆಗೆ ಕೊರೆಯೋದು, ಉಳಿಗೆ ಕೆತ್ತೋದು, ಇಕ್ಕಳಕ್ಕೆ ಕಚ್ಚೋದು ಎಂದು ಮಳೆ ಸುರಿದಂತೆ ಸುರಿಸಿದ. ಚಿನಕುರಳಿ ಪ್ರತಿಯೊಂದಕ್ಕೂ ಕುಣಿದಳು.

ಒಂದೇ ವಾರಕ್ಕೆ ಹನ್ನೆರಡು ಪುಟಗಳಾದವು. ಟೀಚರ್ ಅವನ್ನು ಹೊಲಿದು, ರಟ್ಟು ಹಾಕಿ ಕ್ಲಾಸಿಗೆ ತಂದಳು. ಆವತ್ತು ಪುಟ ತಿರುಗಿಸುವ ಯಜಮಾನಿಕೆ ಚಿನಕುರಳಿಯದು. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಗರಗಸ ಕೊಯ್ಯೋದಾದರೆ ಕುರ್ಚಿ ಕೂರೋದು, ಪೆನ್ಸಿಲು ಗೀಚೋದು, ಬಾಗಿಲು ತೆಗೆಯೋದು-ಮುಚ್ಚೋದು, ಗಂಟೆ ಮನೆಗೆ ಕಳಿಸೋದು! ಅಷ್ಟು ದಿನ ‘ಅದು ಇದು’ ಎಂದು ರೇಗಿಸಿದವರೇ ಈಗ ಅವಳ ಹಿಂದೆ ಬಿದ್ದು, ‘ಇದಕ್ಕೆ ಏನೇ? ಇದಕ್ಕೆ?’ ಎಂದು ಕೇಳತೊಡಗಿದರು.

ಆಟ ಶಾಲೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನಾಲ್ಕು ದಿನಕ್ಕೆ ದೊಡ್ಡ ಟೀಚರ್ ಕರೆ ಕಳಿಸಿದರು. ಎದುರಿಗೆ ಇಬ್ಬರು ಪೋಷಕರು ಕೂತಿದ್ದರು.

“ಬಸ್ಸಲ್ಲಿ ಎಲ್ರ ಮುಂದೆ ನನ್ನ ಮಗ ‘ಅಪ್ಪ, ನಿನ್ನ ಗೊರಕೆ ಹೊಡೆಯೋದು ಕೆಂಪಗಾಗಿದೆ’ ಅಂದ. ಮೂಗು ಅನ್ನೋಕೆ!” ಎಂದ ಒಬ್ಬಾತ.

“ನಮ್ಮ ಅತ್ತೆ ಊರಿಂದ ಬಂದ್ರು. ಇವಳು ಬಾಗಿಲಲ್ಲೇ ನಿಂತು ‘ಅಮ್ಮಾ, ಬಯ್ಯೋದು ಬಂತು’ ಅಂತ ಕೂಗಿದ್ಲು,” ಎಂದಳು ಇನ್ನೊಬ್ಬಳು. “ನಾನು ಎಲ್ಲಿ ಮುಖ ಇಟ್ಕೊಳ್ಳಿ?”

ಅವರು ಹೋದ ಮೇಲೆ ದೊಡ್ಡ ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಒಬ್ಬಳಿಗೆ ಹೆಸರು ಕಲಿಸ್ತೀನಿ ಅಂತ ಹೋಗಿ ಇಪ್ಪತ್ತಾರು ಮಕ್ಕಳಿಗೆ ಹೆಸರು ಮರೆಸಿದೆಯಲ್ಲಮ್ಮ! ನನ್ನನ್ನ ಏನಂತಾರೆ ಗೊತ್ತಾ? ಗದರೋರು ಅಂತೆ.”

ಬಣ್ಣದ ಟೀಚರ್ ನಗು ತಡೆದುಕೊಂಡಳು. “ಯಾವ ಹೆಸರೂ ಮರೆತಿಲ್ಲ ಮೇಡಂ. ಮೂಗಿಗೆ ಮೂಗು ಅಂತಾರೆ ಅಂತ ಗೊತ್ತಿಲ್ಲದೆ ಇದ್ರೆ ಈ ತಮಾಷೆ ಮಾಡೋಕೇ ಆಗಲ್ಲ. ಕೆಲಸದ ಪದದಿಂದ ಹೆಸರಿನ ಪದ ತಯಾರಿಸೋದನ್ನ ಕಲಿತಿದಾರೆ. ಇದನ್ನ ಆರನೇ ಕ್ಲಾಸಲ್ಲಿ ಪಾಠ ಮಾಡಿದ್ರೆ ಆಕಳಿಸ್ತಾರೆ, ಒಂದನೇ ಕ್ಲಾಸಲ್ಲಿ ಮನೇವರೆಗೂ ಹೊತ್ಕೊಂಡು ಹೋಗಿದಾರೆ. ಪುಸ್ತಕದಲ್ಲಿ ಇನ್ನರ್ಧ ಕೆಲಸ ಬಾಕಿ ಇದೆ. ತಿಂಗಳು ಮುಗಿಯೋಕೆ ಇನ್ನೂ ಎರಡು ವಾರ ಇದೆಯಲ್ಲ?”

ದೊಡ್ಡ ಟೀಚರ್ ಕ್ಯಾಲೆಂಡರ್ ಕಡೆ ನೋಡಿ, “ಇದೆ,” ಎಂದಷ್ಟೇ ಹೇಳಿದರು.

ಆವತ್ತೇ ಟೀಚರ್ ಪ್ರತಿ ಪುಟದ ಕೆಳಗೆ ಎರಡನೇ ಸಾಲು ಸೇರಿಸಿದಳು. ಕೊಯ್ಯೋದು, ಗರಗಸ. ಬಡಿಯೋದು, ಸುತ್ತಿಗೆ. ಕೊರೆಯೋದು, ಬೈರಿಗೆ. “ಪ್ರತಿಯೊಂದಕ್ಕೂ ಎರಡು ಹೆಸರು ಇರುತ್ತೆ,” ಎಂದು ಮಕ್ಕಳಿಗೆ ಹೇಳಿದಳು. “ಒಂದು ನಾವು ಇಟ್ಟಿದ್ದು. ಇನ್ನೊಂದು ಎಲ್ಲರೂ ಕರೆಯೋದು. ಎರಡೂ ಹೇಳಿದವರೇ ಗಟ್ಟಿಗರು.” ಪುಸ್ತಕವನ್ನು ಚಿನಕುರಳಿಯ ಕೈಗೆ ಕೊಟ್ಟಳು. “ದಿನಾ ಸಂಜೆ ತಾತನ ಜೊತೆ ಓದು. ನೀನೇ ಟೀಚರ್.”

ಅಷ್ಟು ಸಾಕಾಯಿತು. ಗಟ್ಟಿಗಿತ್ತಿಯಾಗಬೇಕೆಂಬ ಹಟ ಹತ್ತಿದ ಹುಡುಗಿ ‘ಇದರ ಇನ್ನೊಂದು ಹೆಸರೇನು?’ ಎಂದು ಕಂಡಕಂಡವರನ್ನೆಲ್ಲ ಹಿಡಿದು ಕೇಳತೊಡಗಿದಳು. ಬಸ್ಸಿನ ಕಂಡಕ್ಟರನ್ನು ಕೇಳಿದಳು, ಹಾಲಿನವನನ್ನು ಕೇಳಿದಳು, ಶಾಲೆಯ ಆಯಾ ನೆಲ ಒರೆಸುವಾಗ ಬಕೆಟ್ಟಿನ ಹಿಡಿಕೆಯಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಎಲ್ಲವನ್ನೂ ಕೇಳಿದಳು. ಕಿವಿಯಲ್ಲಿ ಮೊದಲೇ ಕೂತಿದ್ದ ಹೆಸರುಗಳು ಒಂದೊಂದಾಗಿ ಬಾಯಿಗೆ ಇಳಿದವು. ಸಂಜೆ ಅವಳು ಮೇಜಿನ ಮೇಲೆ ಹತ್ತಿ ಕೂತು ತಾತನಿಗೆ ಪಾಠ ಮಾಡುತ್ತಿದ್ದಳು. “ತಾತ, ಇದು ಕೆತ್ತೋದು. ಇನ್ನೊಂದು ಹೆಸರು?” ತಾತ ಬೆವರುತ್ತಿದ್ದ. ಅವಳು ಬಿಡುತ್ತಿರಲಿಲ್ಲ. “ಉ... ಅಂತ ಶುರುವಾಗುತ್ತೆ ತಾತ.” ಒಂಬತ್ತನೇ ಸಂಜೆ, ಕೈಯಲ್ಲಿ ಮರ ಹಿಡಿದು ಕೆತ್ತುತ್ತಿದ್ದವನು ತಲೆಯೆತ್ತದೆಯೇ, “ಉಳಿ,” ಎಂದ. ಎಂದವನಿಗೇ ಗೊತ್ತಾಗಲಿಲ್ಲ. ಮೊಮ್ಮಗಳು ಕಿರುಚಿಕೊಂಡಾಗ ಕೈಯಲ್ಲಿದ್ದುದನ್ನು ನೋಡಿ ಮತ್ತೆ ಮತ್ತೆ ಹೇಳಿದ. ಉಳಿ, ಉಳಿ, ಉಳಿ.

ತಿಂಗಳ ಕೊನೆಯ ದಿನ ದೊಡ್ಡ ಟೀಚರ್ ತಾವೇ ಕ್ಲಾಸಿಗೆ ಬಂದು ಗಿಡ್ಡ ಸ್ಟೂಲಿನ ಮೇಲೆ ಕೂತರು. ಬಡಗಿಯ ಪುಸ್ತಕ ತೆರೆದು ಅಕ್ಷರಗಳ ಮೇಲೆ ಅಂಗೈ ಮುಚ್ಚಿದರು. ಚಿನಕುರಳಿ ಹನ್ನೆರಡಕ್ಕೆ ಹನ್ನೆರಡು ಹೇಳಿದಳು. ಮೂಲೆ ನೇರವಾಗಿದೆಯೇ ಎಂದು ನೋಡುವ ಮೂಲೆಮಟ್ಟದ ಹೆಸರು ದೊಡ್ಡ ಟೀಚರಿಗೇ ಗೊತ್ತಿರಲಿಲ್ಲ. ಕೈ ತೆಗೆದು ಓದಿ ಖಚಿತಮಾಡಿಕೊಂಡರು.

“ಪುಸ್ತಕದಲ್ಲಿರೋದು ಬಾಯಿಪಾಠ ಆಗಿರುತ್ತೆ,” ಎಂದು ತಮ್ಮ ಕನ್ನಡಕ ತೆಗೆದು ಮುಂದೆ ಹಿಡಿದರು. “ಇದೇನು?”

“ಕನ್ನಡಕ,” ಎಂದಳು ಚಿನಕುರಳಿ. “ನೋಡೋದು. ಈ ಕಡೆ ಗಾಜು ಗೀಚಿಹೋಗಿದೆ, ಆ ಕಡೆ ಸಡಿಲವಾಗಿದೆ. ನಮ್ಮ ತಾತ ಬಿಗಿ ಮಾಡಿಕೊಡ್ತಾರೆ, ಕೊಡ್ತೀರಾ?”

ದೊಡ್ಡ ಟೀಚರ್ ಕನ್ನಡಕವನ್ನು ತಿರುಗಿಸಿ ನೋಡಿದರು. ನಿಜಕ್ಕೂ ಒಂದು ಕಡ್ಡಿ ಅಲ್ಲಾಡುತ್ತಿತ್ತು. “ಹೆಸರೂ ಆಯ್ತು, ಕೆಲಸವೂ ಆಯ್ತು, ಹೇಗಿದೆ ಅನ್ನೋದೂ ಆಯ್ತು,” ಎಂದು ಬಣ್ಣದ ಟೀಚರ್ ಕಡೆ ತಿರುಗಿದರು. “ಕೂರಲಿ ಇಲ್ಲೇ. ಮುಂದಿನ ವರ್ಷ ಎರಡನೇ ಕ್ಲಾಸಿಗೆ ಹೋಗಲಿ. ಮತ್ತೆ, ಈ ‘ಗದರೋರು’ ಅನ್ನೋದನ್ನ ಮಾತ್ರ ನಿಲ್ಲಿಸಿ.” ಮಕ್ಕಳೆಲ್ಲ ಒಟ್ಟಿಗೆ “ಆಯ್ತು ಮೇಡಂ” ಎಂದರು. ಒಂದೆರಡು ಬಾಯಿಗಳು ಕೈಯಡಿಯಲ್ಲಿ ನಗುತ್ತಿದ್ದವು.

ಸುದ್ದಿ ಹೇಳಲು ಟೀಚರ್ ಸಂಜೆ ಮನೆಗೆ ಹೋದಾಗ ಚಿನಕುರಳಿ ಪುಸ್ತಕದ ಕೊನೆಗೆ ತಾನೇ ಒಂದು ಹಾಳೆ ಅಂಟಿಸಿದ್ದಳು. ದೊಡ್ಡ ತಲೆ, ಕಡ್ಡಿಯಂಥ ಕೈ, ಕೈಯಲ್ಲಿ ಒಂದು ಬಟ್ಟೆಯ ಗಂಟು. ಅವಳ ಅಮ್ಮ. ತಾಯಿ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಚಿತ್ರವನ್ನು ತಾತನ ಮುಂದೆ ಹಿಡಿದು, “ಇದು ಯಾರು?” ಎಂದಳು.

ತಾತ ಚಿತ್ರ ನೋಡಿದ, ಮಗಳನ್ನು ನೋಡಿದ. ತುಟಿ ಅಲುಗಿತು. ಹೆಸರು ಬರಲಿಲ್ಲ. ತಾಯಿ “ಇರಲಿ ಬಿಡೇ, ಅಪ್ಪನಿಗೆ ಹಿಂಸೆ ಮಾಡಬೇಡ,” ಎನ್ನುವಷ್ಟರಲ್ಲಿ ತಾತ ಸ್ಪಷ್ಟವಾಗಿ, ಬಲು ಸಮಾಧಾನದಿಂದ ಹೇಳಿದ:

“ದುಡಿಯೋಳು.”

ತಾಯಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೂಂ ಅಪ್ಪ, ಅದೇ ನನ್ನ ಹೆಸರು,” ಎಂದು ಬಂದು ಅವನ ಪಕ್ಕದಲ್ಲಿ ಕೂತಳು. ಟೀಚರ್ ಪೆನ್ನು ತೆಗೆದು ಚಿತ್ರದ ಕೆಳಗೆ ಆ ಪದವನ್ನು ಬರೆದು, ಪಕ್ಕದಲ್ಲಿ ಎರಡನೇ ಹೆಸರಿಗೆ ಜಾಗ ಬಿಟ್ಟಳು.

ವರ್ಷ ಮುಗಿಯುವ ಹೊತ್ತಿಗೆ ತಾತನಿಗೆ ಗೋಡೆಯ ಮೇಲಿನ ನಲವತ್ತರಲ್ಲಿ ಹತ್ತೊಂಬತ್ತರ ಹೆಸರುಗಳು ಬರುತ್ತಿದ್ದವು. ಕೆಲವು ದಿನ ಹದಿನೈದು, ಕೆಲವು ದಿನ ಇಪ್ಪತ್ತೊಂದು. ಮಗಳ ಹೆಸರು ಇನ್ನೂ ಬಂದಿರಲಿಲ್ಲ. ಬಾರದ ಕಡೆ ಮೊದಲಿನಂತೆ ಕೆಲಸದ ಹೆಸರು ಹೇಳುತ್ತಿದ್ದ, ಹೇಳಿ ತಲೆ ತಗ್ಗಿಸುತ್ತಿರಲಿಲ್ಲ. ಶಾಲೆಯವರು ಬಡಗಿಯ ಪುಸ್ತಕವನ್ನು ನಾಲ್ಕು ಪ್ರತಿ ಮಾಡಿಸಿ ಉಳಿದ ಕ್ಲಾಸುಗಳಿಗೂ ಕೊಟ್ಟರು. ಇನ್ನೊಂದು ಪುಸ್ತಕ ಮಾಡು ಎಂದು ದೊಡ್ಡ ಟೀಚರೇ ಹೇಳಿದರು.

ಒಂದು ಶನಿವಾರ ಮಧ್ಯಾಹ್ನ ಚಿನಕುರಳಿಯ ತಾಯಿ ಬಣ್ಣದ ಟೀಚರನ್ನು ಆಸ್ಪತ್ರೆಯ ಲಾಂಡ್ರಿಗೆ ಕರೆದುಕೊಂಡು ಹೋದಳು. ಆಳೆತ್ತರದ ಯಂತ್ರಗಳು ಗಡಗಡ ತಿರುಗುತ್ತಿದ್ದವು, ಬಿಸಿ ಹಬೆ ಮುಖಕ್ಕೆ ಬಡಿಯುತ್ತಿತ್ತು, ಬಿಳಿ ಹೊದಿಕೆಗಳು ರಾಶಿ ರಾಶಿಯಾಗಿ ಬೀಳುತ್ತಿದ್ದವು.

“ಇದಕ್ಕೆ ಏನಂತಾರಮ್ಮ?” ಟೀಚರ್ ಮೊದಲ ಯಂತ್ರವನ್ನು ತೋರಿಸಿ ಕೂಗಿ ಕೇಳಿದಳು.

ತಾಯಿ ತೋಳು ಮಡಚಿಕೊಂಡಳು. “ಹಿಂಡೋದು,” ಎಂದು ಅವಳೂ ಕೂಗಿ ಹೇಳಿದಳು. “ಬರ್ಕೊಳ್ಳಿ ಟೀಚರ್. ಹಾಳೆ ಸಾಕಷ್ಟು ತಂದಿದೀರಾ? ಇಲ್ಲಿ ಕೆಲಸ ಜಾಸ್ತಿ.”